ಶಿಕ್ಷಕರ ಕೋಣೆಯ ಆರು ಗೂಟಗಳು

ನಾನು ನಿಂತಿದ್ದುದು ನಮ್ಮ ಶಾಲೆಯ ಶಿಕ್ಷಕರ ಕೋಣೆಯ ಬಾಗಿಲಲ್ಲಿ. ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ, ಬಲಗೈ ಚೌಕಟ್ಟಿನ ಮೇಲೆ. ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರದ ಬೆಳಗು ಅದು. ಮೊದಲ ಗಂಟೆ ಆಗಿತ್ತು, ಎರಡನೆಯದು ಆಗಿರಲಿಲ್ಲ. ಅಲ್ಲಿಂದ ಎದುರಿನ ಗೋಡೆ ಪೂರ್ತಿ ಕಾಣುತ್ತಿತ್ತು. ಕತ್ತು ಹೊರಳಿಸಿದರೆ ಅಂಗಳವೂ ಅದರಾಚೆಯ ಗೇಟೂ ಕಾಣುತ್ತಿದ್ದವು. ಕಪಾಟಿನ ಹಿಂದಿನ ಮೂಲೆ ಮಾತ್ರ ಕಾಣುತ್ತಿರಲಿಲ್ಲ. ಅಲ್ಲಿ ಏನಾದರೂ ನಡೆದಿದ್ದರೆ ಅದನ್ನು ಬಲ್ಲೆನೆಂದು ನಾನು ಹೇಳಲಾರೆ. ಇಷ್ಟು ಬಿಗಿಯಾಗಿ ಏಕೆ ಹೇಳುತ್ತಿದ್ದೇನೆಂದರೆ, ಗೆಳೆಯರೇ, ಆ ಬೆಳಗಿನ ಸಂಗತಿಯನ್ನು ಧಾರವಾಡದಲ್ಲಿ ಈಗ ಹಲವು ಬಗೆಯಾಗಿ ಹೇಳುತ್ತಾರೆ. ಕೆಲವರ ಕಥೆಯಲ್ಲಿ ಪೊಲೀಸರು ಬರುತ್ತಾರೆ, ಕೆಲವರ ಕಥೆಯಲ್ಲಿ ದೊಡ್ಡ ಭಾಷಣವಾಗುತ್ತದೆ. ಪೊಲೀಸರು ಬರಲಿಲ್ಲ, ಭಾಷಣ ಆಗಲಿಲ್ಲ. ಒಬ್ಬ ಹಿರಿಯರು ತಮ್ಮ ರುಮಾಲು ಬಿಚ್ಚಿದರು, ಅಷ್ಟೇ.  ಕಂಡದ್ದನ್ನು ಕಂಡಷ್ಟೇ ನಿಧಾನವಾಗಿ ಬರೆಯುತ್ತೇನೆ.

ಎದುರಿನ ಗೋಡೆಯಲ್ಲಿ ಆರು ಗೂಟಗಳಿದ್ದವು. ಸಾಗವಾನಿಯವು, ಕಟ್ಟಡ ಕಟ್ಟಿಸಿದವರು ಗಾರೆಯಲ್ಲೇ ಕೂರಿಸಿದ್ದವು, ಕೈ ತಾಗಿ ತಾಗಿ ತುದಿಗಳು ಎಣ್ಣೆ ಹಚ್ಚಿದಂತೆ ನುಣುಪಾಗಿದ್ದವು. ನಾವು ಶಿಕ್ಷಕರು ಐವರು. ಮೊದಲ ಗೂಟ ಮುಖ್ಯೋಪಾಧ್ಯಾಯರಾದ ಗುಂಡಾಚಾರ್ಯರದು. ಅದಕ್ಕೆ ಅವರ ಶಾಲು, ಅದರ ಕೆಳಗೆ ಗೋಡೆಗೆ ಒರಗಿಸಿದ ಕೊಡೆ. ಎರಡನೆಯದಕ್ಕೆ ಗಣಿತ ಕಲಿಸುವ ಚನ್ನಬಸಪ್ಪ ಮಾಸ್ತರರ ಕರಿಯ ಕೋಟು. ಮೂರನೆಯದಕ್ಕೆ ಡ್ರಿಲ್ಲಿನ ಹುಸೇನ ಮಾಸ್ತರರ ದಾರ ಕಟ್ಟಿದ ಸೀಟಿ. ನಾಲ್ಕನೆಯದಕ್ಕೆ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವ ನಿಂಗಪ್ಪ ಮಾಸ್ತರರ ಬುತ್ತಿಯ ಚೀಲ. ಐದನೆಯದು ಎಲ್ಲರಿಗಿಂತ ಕಿರಿಯನಾದ ನನ್ನದು. ಆರನೆಯದು ಖಾಲಿ. ಬಂದ ಅತಿಥಿಗಳಿಗೆಂದು ಬಿಟ್ಟದ್ದಂತೆ, ಆದರೆ ಯಾವ ಅತಿಥಿಯೂ ಅದಕ್ಕೆ ಏನನ್ನೂ ತೂಗುಹಾಕಿದ್ದನ್ನು ನಾನು ಕಂಡಿರಲಿಲ್ಲ.

ಗೂಟಗಳ ಈ ಸಾಲು ನಮ್ಮ ಬದುಕಿನ ನಕ್ಷೆಯೂ ಆಗಿತ್ತು. ನಮ್ಮಲ್ಲಿ ಜಗಳವಿರಲಿಲ್ಲ. ಜಗಳವಾಡಲಿಕ್ಕೂ ಒಂದಿಷ್ಟು ಹತ್ತಿರ ಬರಬೇಕಾಗುತ್ತದೆ. ನಾವು ಅಷ್ಟೂ ಬಂದಿರಲಿಲ್ಲ. "ಗಂಟಿ ಆತೇನ್ರಿ?" "ಆತ್ರಿ." "ಬೋರ್ಡಿಗೆ ಖಡು ಅದಾವೇನ್ರಿ?" "ಅದಾವ್ರಿ." ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಬುತ್ತಿ ಉಣ್ಣುವಾಗ ಒಬ್ಬರು ಕಿಟಕಿಯ ಕಡೆಗೆ, ಒಬ್ಬರು ಗೋಡೆಯ ಕಡೆಗೆ, ಒಬ್ಬರು ಹೊರಗಿನ ಬೇವಿನ ಕಟ್ಟೆಯ ಮೇಲೆ. ಗುಂಡಾಚಾರ್ಯರು ಶಾಲೆಯಲ್ಲಿ ಉಣ್ಣುತ್ತಲೇ ಇರಲಿಲ್ಲ. ಒಮ್ಮೆ ಚನ್ನಬಸಪ್ಪ ಮಾಸ್ತರರ ಕೋಟು ಗೂಟದಿಂದ ಜಾರಿ ನೆಲಕ್ಕೆ ಬಿತ್ತು. ಹುಸೇನ ಮಾಸ್ತರರು ಕಂಡರು, ನಿಂಗಪ್ಪ ಕಂಡ, ನಾನೂ ಕಂಡೆ. ಎಲ್ಲರೂ ಅದನ್ನು ತುಳಿಯದಂತೆ ಬಹಳ ಮರ್ಯಾದೆಯಿಂದ ಸುತ್ತುಹಾಕಿ ಓಡಾಡಿದೆವು. ಸಂಜೆ ಅದರ ಒಡೆಯರೇ ಬಂದು ಎತ್ತಿ, ಧೂಳು ಜಾಡಿಸಿ, ತೊಟ್ಟುಕೊಂಡು ಹೋದರು. ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಅದು ಅವರ ಕೋಟು, ಅವರ ಗೂಟ. ನಾವೇಕೆ ಮುಟ್ಟಬೇಕು ಎಂಬ ಸಂಕೋಚ, ಅಷ್ಟೇ. ಆದರೆ ಲೋಕದಲ್ಲಿ ಬಹಳಷ್ಟು ಒಂಟಿತನ ದ್ವೇಷದಿಂದ ಹುಟ್ಟಿದ್ದಲ್ಲ, ಇಂಥ ಸಂಕೋಚದಿಂದಲೇ ಹುಟ್ಟಿದ್ದು ಎಂದು ನನಗೆ ತೋರುತ್ತದೆ. ಒಂದೇ ಸೂರಿನಡಿ ಒಂದೇ ಮಕ್ಕಳಿಗೆ ವಿದ್ಯೆ ಹೇಳುವ ಐವರು, ಒಂದೇ ಬಾವಿಯ ಸುತ್ತ ನೆಟ್ಟ ಐದು ಕಲ್ಲುಗಳಂತೆ ಇರಬಲ್ಲರು; ನೀರು ನಡುವೆ ಇದ್ದರೂ ಕಲ್ಲು ಕಲ್ಲೇ.

ಗೂಟಕ್ಕೆ ಎಲ್ಲವನ್ನೂ ತೂಗುಹಾಕುತ್ತಿದ್ದೆವು, ತಲೆಯ ಮೇಲಿನದನ್ನು ಮಾತ್ರ ಹಾಕುತ್ತಿರಲಿಲ್ಲ. ಈಗಿನ ಹುಡುಗರು ಬರಿದಲೆಯಲ್ಲಿ ಪೇಟೆ ಸುತ್ತುತ್ತಾರೆ, ಆಗ ಹಾಗಿರಲಿಲ್ಲ. ನಮ್ಮ ಕಡೆ ಗಂಡಸೊಬ್ಬ ಬರಿದಲೆಯಲ್ಲಿ ಬೀದಿಯಲ್ಲಿ ಕಂಡನೆಂದರೆ ಅವನ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ತಂದೆ ಬದುಕಿರುವವನಂತೂ ತಲೆ ಬರಿದು ಮಾಡಿಕೊಂಡರೆ ತಂದೆಯ ಆಯುಷ್ಯಕ್ಕೇ ಕೇಡು ಬಗೆದಂತೆ ಎಂದು ಹೆಂಗಸರು ಕಣ್ಣೀರು ಹಾಕುತ್ತಿದ್ದರು. ಆದ್ದರಿಂದ ಗುಂಡಾಚಾರ್ಯರ ಜರಿಯಂಚಿನ ಕೆಂಪು ರುಮಾಲು, ಚನ್ನಬಸಪ್ಪನವರ ಬಿಳಿಯ ರುಮಾಲು, ಹುಸೇನ ಮಾಸ್ತರರ ಗೊಂಡೆಯ ಕೆಂಪು ಟೊಪ್ಪಿಗೆ, ನನ್ನ ಕರಿಯ ಟೊಪ್ಪಿಗೆ ಇವೆಲ್ಲ ಮನೆಯಿಂದ ಹೊರಟು ಮನೆ ಸೇರುವತನಕ ನಮ್ಮ ತಲೆಯ ಮೇಲೆಯೇ ಇರುತ್ತಿದ್ದವು. ಯೋಚಿಸಿ ನೋಡಿ: ವರ್ಷಗಟ್ಟಲೆ ಜೊತೆಗೆ ದುಡಿದೂ ನಾವು ಒಬ್ಬರ ತಲೆಯನ್ನೊಬ್ಬರು ಕಂಡಿರಲಿಲ್ಲ.

ನಿಂಗಪ್ಪನದು ಬಿಳಿಯ ಖಾದಿ ಟೊಪ್ಪಿಗೆ. ಅವನು ಗರಗದವನು, ತಂದೆ ನೇಕಾರ. ಮನೆಯಲ್ಲೇ ನೂತ ನೂಲು, ಮನೆಯ ಮಗ್ಗದಲ್ಲೇ ನೇಯ್ದ ಬಟ್ಟೆ. ಮೃದು ಮಾತಿನ ಮನುಷ್ಯ. ಸಭೆಗೆ ಹೋದವನಲ್ಲ, ಜೈಕಾರ ಹಾಕಿದವನಲ್ಲ. ಮಕ್ಕಳ ಬೆರಳು ಹಿಡಿದು ಮರಳಿನಲ್ಲಿ ಅಕ್ಷರ ಬರೆಸುವಾಗ ಅವನ ದನಿ ಕೇಳುತ್ತಿದ್ದರೆ ಪಕ್ಕದ ಕೋಣೆಯಲ್ಲಿ ನನ್ನ ಹುಡುಗರೂ ಗಲಾಟೆ ನಿಲ್ಲಿಸುತ್ತಿದ್ದರು. ಆದರೆ ಆ ವರ್ಷಗಳಲ್ಲಿ ಆ ಟೊಪ್ಪಿಗೆ ಇಂಗ್ಲಿಷರ ಸರಕಾರದ ಕಣ್ಣಿಗೆ ಬಟ್ಟೆಯಾಗಿ ಕಾಣುತ್ತಿರಲಿಲ್ಲ, ಬಂಡಾಯವಾಗಿ ಕಾಣುತ್ತಿತ್ತು.

ಆ ಸೋಮವಾರದ ಹಿಂದಿನ ಶನಿವಾರ ಡೆಪ್ಯುಟಿ ಸಾಹೇಬರು ಶಾಲೆಯ ತಪಾಸಣೆಗೆ ಬಂದರು. ಅವರು ನಮ್ಮವರೇ, ಇಂಗ್ಲಿಷರಲ್ಲ; ಬೇರೆ ಸೀಮೆಯ ಕನ್ನಡಿಗರು, ತಲೆಗೆ ಹ್ಯಾಟು. ನಿಂಗಪ್ಪನ ತರಗತಿಗೂ ನನ್ನದಕ್ಕೂ ನಡುವೆ ಒಂದು ಬಿದಿರಿನ ತಟ್ಟಿ ಮಾತ್ರ ಇದ್ದುದರಿಂದ ಮುಂದಿನದನ್ನು ಕೇಳಿದ್ದೇನೆ, ಕಂಡಿಲ್ಲ.

"ಇದೇನು ನಿನ್ನ ತಲೆಯ ಮೇಲೆ? ಸೋಮವಾರ ಮತ್ತೆ ಬರ್ತೀನಿ. ಈ ಬಟ್ಟೆ ನಿನ್ನ ತಲೆ ಮೇಲೆ ಕಂಡರೆ ನಿನ್ನ ಕೆಲಸ ಅಲ್ಲಿಗೆ ಮುಗೀತು. ಬೇಕಾದರೆ ಬರಿದಲೇಲಿ ನಿಂತು ಕಲಿಸು."

ಬೂಟಿನ ಸದ್ದು ಅಂಗಳ ದಾಟಿದ ಮೇಲೆ ನಿಂಗಪ್ಪ ಅದೇ ಮೃದು ದನಿಯಲ್ಲಿ ಮಕ್ಕಳಿಗೆ ಮುಂದಿನ ಅಕ್ಷರ ಹೇಳಿಕೊಟ್ಟ.  

ಶಾಲೆ ಬಿಟ್ಟ ಮೇಲೆ ಶಿಕ್ಷಕರ ಕೋಣೆಯಲ್ಲಿ ನಾವು ಐವರೂ ಸೇರಿದೆವು. ಮೊದಲು ಬಾಯಿ ತೆರೆದವರು ಚನ್ನಬಸಪ್ಪ ಮಾಸ್ತರರು. "ಅದಕ್ಕೇನೋ ಮಾರಾಯಾ, ಒಂದ ರುಮಾಲ ಸುತ್ಕೊಂಡ ಬಾ. ನಂದ ಹಳೇದೊಂದ ಅದ, ಕೊಡ್ತೇನಿ."

"ಗಿರಣಿ ಅರಿವಿ ಮೈಮ್ಯಾಲ ಹಾಕೂದಿಲ್ಲಂತ ಅಪ್ಪನ ಮುಂದ ಮಾತ ಕೊಟ್ಟೇನ್ರಿ," ಎಂದ ನಿಂಗಪ್ಪ. "ಈ ಟೊಪಿಗಿ ಅರಿವಿ ಅಂವಾನ ನೇಯ್ದಿದ್ದು."

"ಹಂಗಾರ ಬರಿದಲಿಲೆ ಬಾ."

"ಅಪ್ಪ ಜೀವಂತ ಇರಾಗ? ಅವ್ವ ಎದಿ ಒಡ್ಕೋತಾಳ್ರಿ." ಮತ್ತೆ ಹೇಳಿದ: "ಅದೂ ಹೋಗ್ಲಿರಿ. ಎಲ್ಲಾರ ತಲಿ ಮ್ಯಾಲೂ ಇರೂದು ನನ್ನ ತಲಿ ಮ್ಯಾಲ ಇಲ್ಲಂದ್ರ ಹುಡುಗೂರು ಏನ ತಿಳಕೋತಾವ? ಸಾಹೇಬ ನಮ್ಮ ಮಾಸ್ತರನ ಟೊಪಿಗಿ ಕಸಗೊಂಡ ಅಂತಾವ. ಆಮ್ಯಾಲ ಯಾ ಮಾರಿ ಇಟಗೊಂಡ ಅಕ್ಷರ ಕಲಸ್ಲಿ? ಸೋಮವಾರ ಬಂದು ಕಪಾಟಿನ ಕೀಲಿ ಕೊಟ್ಟು ಹೋಗ್ತೇನ್ರಿ."

ಗುಂಡಾಚಾರ್ಯರು ಶಾಲು ಹೊದ್ದುಕೊಂಡರು, ಕೊಡೆ ಎತ್ತಿಕೊಂಡರು, "ದೇವರಿದ್ದಾನ" ಎಂದು ಹೇಳಿ ಹೊರಟರು. ಆ ಮಾತಿನಲ್ಲಿ ಭರವಸೆ ಎಷ್ಟಿತ್ತು, ಅಸಹಾಯಕತೆ ಎಷ್ಟಿತ್ತು ಎಂದು ತೂಗಲು ನನಗೆ ಆಗಲಿಲ್ಲ.

ಎಲ್ಲರೂ ಹೋದ ಮೇಲೆ ಹುಸೇನ ಮಾಸ್ತರರು ನನ್ನನ್ನು ತಡೆದು, "ನಾಳೆ ರಾಯಾಪುರಕ್ಕ ಬರ್ತೀರೇನ್ರಿ? ಚನ್ನಬಸಪ್ಪ ಮಾಸ್ತರ ಮನಿ ನೋಡಿಲ್ಲ ನಾನು" ಎಂದರು. ನಾನೂ ನೋಡಿರಲಿಲ್ಲ. ರಾಯಾಪುರವೇನು ದೂರವೇ? ಆದರೆ ಒಂದೇ ಕೋಣೆಯಲ್ಲಿ ಕೂಡುವವರ ಮನೆ ಕೆಲವೊಮ್ಮೆ ಕಾಶಿಗಿಂತ ದೂರ ಇರುತ್ತದೆ.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅಲ್ಲಿಗೆ ಹೋದೆವು. ಹತ್ತಿ ವ್ಯಾಪಾರದ ಮನೆತನ. ಪಡಸಾಲೆಯಲ್ಲಿ ಹತ್ತಿ ತುಂಬಿದ ಅಂಡಿಗೆಗಳು, ಗಾಳಿಯಲ್ಲಿ ಹತ್ತಿಯ ಎಳೆ. ನಮ್ಮನ್ನು ಕಂಡವರೇ ಚನ್ನಬಸಪ್ಪ ಮಾಸ್ತರರು ಗಾಬರಿಯಿಂದ ತಲೆಗೆ ಒಂದು ಟವೆಲು ಹೊದ್ದುಕೊಂಡು ಬಂದು, "ಯಾಕ್ರಿ, ಸಾಲಿಗೇನ ಬೆಂಕಿ ಬಿತ್ತು?" ಎಂದರು. ಸಹೋದ್ಯೋಗಿ ಮನೆಗೆ ಬರಬೇಕಾದರೆ ಶಾಲೆಗೆ ಬೆಂಕಿಯೇ ಬೀಳಬೇಕು ಎಂಬಂತಿತ್ತು ನಮ್ಮ ಸ್ಥಿತಿ.

ಹುಸೇನ ಮಾಸ್ತರರು ಸುತ್ತು ಬಳಸದೆ ಹೇಳಿದರು: "ನಾಳೆ ನಾವೂ ಬರಿದಲಿಲೆ ಕಲಸೂದು. ಒಬ್ಬನ ತಲಿ ಬರಿದಾದ್ರ ಸೂತಕ. ಎಲ್ಲಾರ್ದೂ ಬರಿದಾದ್ರ ಅದು ಸಾಲಿ ಪದ್ಧತಿ."

ಚನ್ನಬಸಪ್ಪನವರು ಟವೆಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಸರಕಾರ ಎಂದರು, ಥಂಡಿ ಎಂದರು, ಬಿಸಿಲು ಎಂದರು, ಮನೆದೇವರು ಎಂದರು. ಒಂದೊಂದಕ್ಕೂ ಹುಸೇನ ಮಾಸ್ತರರು ತಲೆಯಾಡಿಸುತ್ತ ಕೇಳಿದರು. ಕೊನೆಗೆ ಒಳಗಿನಿಂದ ಮಾಸ್ತರರ ಹೆಂಡತಿಯ ದನಿ ಬಂತು: "ಖರೇ ಹೇಳಿಬಿಡ್ರೆಲಾ, ಎಷ್ಟ ಸುತ್ತಸ್ತೀರಿ ಆ ಮಂದೀನ!"

ಮಾಸ್ತರರು ಟವೆಲು ತೆಗೆದರು. ತಲೆಯ ಮೇಲೆ ಒಂದು ಕೂದಲಿಲ್ಲ. ತಾಮ್ರದ ಕೊಡದಂತೆ ಹೊಳೆಯುತ್ತಿತ್ತು. ಈ ಗುಟ್ಟನ್ನು ಅವರು ಅಷ್ಟು ವರ್ಷ ರುಮಾಲಿನೊಳಗೆ ಕಾಪಾಡಿಕೊಂಡು ಬಂದಿದ್ದರು. ಹುಸೇನ ಮಾಸ್ತರರು ಗಂಭೀರವಾಗಿ ನೋಡಿ, "ಇಂಥಾ ಸ್ವಚ್ಛ ಪಾಟಿ ಇಟಗೊಂಡು, ಪಾಟಿ ತರಲಿಲ್ಲಂತ ಹುಡುಗೂರನ್ನ ಯಾಕ ಹೊರಗ ನಿಂದರಸ್ತೀರಿ? ಲೆಕ್ಕ ಇದರ ಮ್ಯಾಲ ಬರಸ್ರಿ" ಎಂದರು. ಒಳಗೆ ಬಳೆಗಳ ಸದ್ದಿನೊಂದಿಗೆ ನಗು ಕೇಳಿಸಿತು. ಚನ್ನಬಸಪ್ಪನವರು ಸಿಟ್ಟಾಗಬೇಕೆಂದು ಹೊರಟು, ಆಗದೆ, ತಾವೂ ನಕ್ಕುಬಿಟ್ಟರು. ನಾನು ಅವರ ಹಲ್ಲು ಕಂಡದ್ದೂ ಅದೇ ಮೊದಲು.

"ನಿಮ್ಮ ಟೊಪಿಗಿದೇನ್ರಿ ಮತ್ತ?" ಎಂದು ಅವರು ಕೇಳಿದರು.

"ನಮಾಜಿಗೆ ತಲಿಗೆ ದಸ್ತಿ ಕಟಗೋತೇನಿ. ದೇವರಿಗೆ ನನ್ನ ಗುರ್ತ ಅದ, ಟೊಪಿಗಿ ನೋಡಿ ಗುರ್ತ ಹಿಡೀಬೇಕಾಗಿಲ್ಲ."

"ಆಚಾರ್ರಿಗೆ?"

"ಅವರಿಗೆ ಹೇಳೂದ ಬ್ಯಾಡ್ರಿ. ಕೇಳಿದ್ರ ಹೂಂ ಅನ್ನಾಕ ಬರೂದಿಲ್ಲ ಅವರಿಗೆ, ಊಹೂಂ ಅನ್ನಾಕೂ ಬರೂದಿಲ್ಲ. ಹಿರ್ಯಾರನ್ನ ಇಕ್ಕಟ್ಟಿನ್ಯಾಗ ಹಾಕಬಾರ್ದು."

ನನ್ನ ತಂದೆಯೂ ಆಗ ಬದುಕಿದ್ದರು. ಅಂದು ಊಟದ ಹೊತ್ತಿಗೆ ಅವರಿಗೆ ಸಂಗತಿ ತಿಳಿಸಿದೆ. ತಾಯಿ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ತಂದೆ ರೊಟ್ಟಿ ಮುರಿಯುತ್ತ, "ನನ್ನ ಆಯುಷ್ಯೇನು ನಿನ್ನ ಟೊಪಿಗ್ಯಾಗ ಕಟ್ಟಿಟ್ಟಿಲ್ಲ, ಹೋಗು" ಎಂದರು. ಆಮೇಲೆ ಅವರು ಹಲವು ವರ್ಷ ಸುಖವಾಗಿ ಬದುಕಿದರು. ಇದನ್ನು ತಾಯಂದಿರ ಸಮಾಧಾನಕ್ಕಾಗಿ ಬರೆಯುತ್ತಿದ್ದೇನೆ.

ಈಗ ನಾನು ಮೊದಲು ಹೇಳಿದ ಬಾಗಿಲಿಗೆ ಬರೋಣ. ಹುಸೇನ ಮಾಸ್ತರರ ಗೊಂಡೆಯ ಟೊಪ್ಪಿಗೆ ಮೂರನೆಯ ಗೂಟದ ಮೇಲಿತ್ತು. ಚನ್ನಬಸಪ್ಪನವರ ಬಿಳಿಯ ರುಮಾಲು ಎರಡನೆಯದರ ಮೇಲೆ, ನನ್ನ ಕರಿಯ ಟೊಪ್ಪಿಗೆ ಐದನೆಯದರ ಮೇಲೆ. ನಿಂಗಪ್ಪ ಕೋಣೆಯ ನಡುವೆ ಕೀಲಿ ಹಿಡಿದು ನಿಂತಿದ್ದ. ಟೊಪ್ಪಿಗೆ ಇನ್ನೂ ಅವನ ತಲೆಯ ಮೇಲೆಯೇ ಇತ್ತು.

"ಗೂಟಕ್ಕ ಹಾಕೋ," ಎಂದರು ಹುಸೇನ ಮಾಸ್ತರರು. "ತಲಿ ಮ್ಯಾಲ ಇರಬಾರ್ದು ಅಂದಾರ, ಗೂಟದ ಮ್ಯಾಲ ಇರಬಾರ್ದು ಅಂದಿಲ್ಲ."

"ಬ್ಯಾಡ್ರಿ," ಎಂದ ನಿಂಗಪ್ಪ. "ನನ್ನ ಸಲುವಾಗಿ ನೀವೆಲ್ಲಾ ಹಿಂಗ ನಿಂತ್ರಿ, ಅಷ್ಟ ಸಾಕು. ಹೆಡ್‌ಮಾಸ್ತರ ಬಂದು ಏನಂದಾರು? ಕೆಟ್ಟ ಹೆಸರ ಅವರಿಗೆ ಬರ್ತದ. ಕೀಲಿ ತಗೋರಿ, ನಾ ಹೋಗ್ತೇನಿ."

ಅವನ ಕೈ ಚಾಚಿದಂತೆಯೇ ಇತ್ತು. ಗುಂಡಾಚಾರ್ಯರು ನನ್ನ ಪಕ್ಕದಿಂದ ಹೊಸ್ತಿಲು ದಾಟಿ ಒಳಗೆ ಬಂದರು. ಮೂವರ ತಲೆಗಳನ್ನು ನೋಡಿದರು. ಗೋಡೆಯನ್ನು ನೋಡಿದರು.

"ಏನಿದು?"

"ಸಾಹೇಬ್ರ ಹುಕುಂರಿ," ಎಂದರು ಹುಸೇನ ಮಾಸ್ತರರು. "ಬರಿದಲಿಲೆ ಕಲಸ್ರಿ ಅಂದಾರ."

"ಅದು ನಿಂಗಪ್ಪಗ ಹೇಳಿದ್ದು."

"ಸಾಲಿಗೆ ಹೇಳಿದ್ದಂತ ನಾವು ತಿಳಕೊಂಡೇವ್ರಿ."

ಗುಂಡಾಚಾರ್ಯರು ಕೊಡೆಯನ್ನು ಗೋಡೆಗೆ ಒರಗಿಸಿದರು. ಶಾಲನ್ನು ಮೊದಲ ಗೂಟಕ್ಕೆ ಹಾಕಿದರು. ನಮಗೆ ಬೆನ್ನು ಮಾಡಿ ಗೋಡೆಯ ಎದುರಿಗೆ ನಿಂತುಕೊಂಡರು. ಬೈಗುಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದಾರೆ ಎಂದೇ ನಾನು ಅಂದುಕೊಂಡೆ. ಅಷ್ಟರಲ್ಲಿ ಅವರ ಎರಡೂ ಕೈಗಳು ಮೇಲೆ ಹೋದವು. ಬೆರಳುಗಳು ರುಮಾಲಿನ ಸಿಕ್ಕಿಸಿದ ಅಂಚನ್ನು ಹುಡುಕಿದವು. ಒಂದು ಸುತ್ತು ಬಿಚ್ಚಿತು, ಮತ್ತೊಂದು ಬಿಚ್ಚಿತು. ಹೊರಗೆ ಯಾರೂ ಎಂದೂ ಬಿಚ್ಚಿದ್ದನ್ನು ಕಾಣದ, ಅವರ ಮನೆಯವರ ಕೈಗಳಷ್ಟೇ ಮುಟ್ಟಿದ ಆ ಬಟ್ಟೆ, ಕೆಂಪಗೆ, ಉದ್ದಕ್ಕೆ, ಅವರ ಭುಜದ ಮೇಲಿಂದ ಇಳಿಯತೊಡಗಿತು. ತುದಿ ನೆಲಕ್ಕೆ ತಾಗಲು ಇನ್ನು ಸ್ವಲ್ಪವೇ ಉಳಿದಿತ್ತು. ಆಗ ಹುಸೇನ ಮಾಸ್ತರರು ಬಾಗಿ ಅದನ್ನು ಎರಡೂ ಅಂಗೈಗಳಲ್ಲಿ ಹಿಡಿದರು.

ಹಿಡಿದರು, ಹಿಡಿದ ಮೇಲೆ ಹೆದರಿದರು. ಅವರ ಮುಖದಲ್ಲಿ ಅದು ನನಗೆ ಸ್ಪಷ್ಟವಾಗಿ ಕಂಡಿತು. ಗುಂಡಾಚಾರ್ಯರು ತಿರುಗಿದರು. ಮಡಿಯ ಮನುಷ್ಯರು, ಶಾಲೆಯಲ್ಲಿ ನೀರನ್ನೂ ಕುಡಿಯದವರು. ಹುಸೇನ ಮಾಸ್ತರರ ಕೈಗಳನ್ನು ನೋಡಿದರು, ಬಟ್ಟೆಯನ್ನು ನೋಡಿದರು. ಆಮೇಲೆ ತಮ್ಮ ಕಡೆಯ ತುದಿಯ ಎರಡು ಮೂಲೆಗಳನ್ನು ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು, ರುಮಾಲನ್ನು ಬಿಗಿಯಾಗಿ ಚಾಚಿದರು. ಹುಸೇನ ಮಾಸ್ತರರಿಗೆ ತಿಳಿಯಿತು. ಅವರೂ ಮೂಲೆಗಳನ್ನು ಹಿಡಿದರು. ಮನೆಗಳಲ್ಲಿ ಒಗೆದ ಸೀರೆ ಮಡಚುವಾಗ ಅತ್ತೆ ಸೊಸೆಯರು ನಿಲ್ಲುವಂತೆ ಇಬ್ಬರೂ ಎದುರುಬದುರು ನಿಂತರು, ಅಂಚಿಗೆ ಅಂಚು ಕೂಡಿಸಿದರು, ಒಬ್ಬರ ಕಡೆಗೊಬ್ಬರು ನಡೆದು ಬಂದು ತುದಿಗೆ ತುದಿ ಸೇರಿಸಿದರು, ಮತ್ತೆ ಹಿಂದೆ ಸರಿದರು, ಮತ್ತೆ ಬಂದರು. ಪ್ರತಿ ಸಲವೂ ನಡುವಿನ ಅಂತರ ಅರ್ಧವಾಯಿತು. ಕೊನೆಯ ಮಡಿಕೆಯಲ್ಲಿ ಅವರ ಕೈಗಳು ಒಂದಕ್ಕೊಂದು ತಾಗಿದವು. ಯಾರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಕಂಡೆ.

ಮಡಚಿದ ರುಮಾಲನ್ನು ಆಚಾರ್ಯರು ತಮ್ಮ ಗೂಟಕ್ಕೆ ಹಾಕಿದರು. ಬೆಳ್ಳಗಿನ ತೆಳು ಶಿಖೆ ಕಿವಿಯ ಹಿಂದೆ ಇಳಿದಿತ್ತು. ಮುಖ ಸಣ್ಣದಾಗಿ, ನಮ್ಮ ಮನೆಯ ಅಜ್ಜನ ಮುಖದಂತೆ ಕಂಡಿತು. ಅವರು ನಿಂಗಪ್ಪನ ಕಡೆ ತಿರುಗಿ ಹೇಳಿದ್ದು ಇಷ್ಟು:

"ತಲಿಗೆ ಗಾಳಿ ಛಲೋ ಹತ್ತತದ. ತಗೀಪಾ ನೀನೂ."

ನಿಂಗಪ್ಪ ಕೀಲಿಯನ್ನು ಕಿಸೆಯಲ್ಲಿ ಹಾಕಿಕೊಂಡ. ಟೊಪ್ಪಿಗೆ ತೆಗೆದು ನಾಲ್ಕನೆಯ ಗೂಟಕ್ಕೆ ತೂಗುಹಾಕಿದ. ಎರಡನೆಯ ಗಂಟೆ ಆಯಿತು. ನಾವು ಐವರೂ ಅಂಗಳಕ್ಕೆ ಇಳಿದೆವು.

ಮಕ್ಕಳು ನಕ್ಕವು, ಸುಳ್ಳೇಕೆ ಹೇಳಲಿ? ಆದರೆ ನಗಲು ಐದು ತಲೆಗಳಿದ್ದುದರಿಂದ ನಗು ಹಂಚಿಹೋಯಿತು. ನಿಂಗಪ್ಪನ ಪಾಲಿಗೆ ಬಂದದ್ದು ತೀರ ಸ್ವಲ್ಪ. ಹೆಚ್ಚಿನ ಪಾಲು ಚನ್ನಬಸಪ್ಪ ಮಾಸ್ತರರದು. ಅವರು ಬೆತ್ತ ಮೇಜಿನ ಮೇಲಿಟ್ಟು, "ನಗ್ರಿ, ಈಗ ನಕ್ಕು ಮುಗಸ್ರಿ. ಮಗ್ಗಿ ಹೇಳೂ ಮುಂದ ನಗು ಬರೂದಿಲ್ಲ" ಎಂದರು.

ನಾವು ಲೆಕ್ಕ ಹಾಕದೆ ಬಿಟ್ಟದ್ದು ಬೀದಿಯನ್ನು. ಗೇಟಿನ ಹೊರಗೆ ಪೇರಲಹಣ್ಣು ಮಾರುವ ಸಾವಂತ್ರವ್ವ ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದಳು. ಪ್ರಾರ್ಥನೆಗೆ ನಿಂತ ಐದು ಬರಿದಲೆಗಳನ್ನು ಕಂಡು ಅವಳು ಇನ್ನೇನು ತಿಳಿಯಬೇಕು? ಸೆರಗು ಬಾಯಿಗೆ ಹಚ್ಚಿ, "ಅಯ್ಯ ನನ ಶಿವನ, ಯಾರ ಹೋದರ‍್ಯೋ!" ಎಂದು ದನಿ ತೆಗೆದಳು. ಎದುರಿನ ತುಪ್ಪದ ಅಂಗಡಿಯವರು ಅರ್ಧ ಬಾಗಿಲು ಎಳೆದರು. ದಾರಿಯಲ್ಲಿ ಹೋಗುವವರು ನಿಂತರು. ನಿಂತವರನ್ನು ಕಂಡು ಮತ್ತಷ್ಟು ಜನ ನಿಂತರು. ಸತ್ತವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆದರೆ ಅವರು ಬಹಳ ಒಳ್ಳೆಯವರಾಗಿದ್ದರು ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿತ್ತು.

ಡೆಪ್ಯುಟಿ ಸಾಹೇಬರ ಟಾಂಗಾ ಬಂದದ್ದು ಈ ಗುಂಪಿನ ನಡುವೆ. ನಾನು ಆಗ ನನ್ನ ತರಗತಿಯ ಕಿಟಕಿಯ ಹತ್ತಿರ ಇದ್ದೆ. ಸಾವಂತ್ರವ್ವ ಕೈ ಜೋಡಿಸಿ ಅವರಿಗೆ ಏನೋ ಹೇಳಿದಳು. ಸಾಹೇಬರು ಟಾಂಗಾದಿಂದ ಇಳಿದು, ತಮ್ಮ ಇಂಗ್ಲಿಷ್ ಪದ್ಧತಿಯಂತೆ ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡು, ಸದ್ದಾಗದಂತೆ ಹೆಜ್ಜೆ ಇಡುತ್ತ ಅಂಗಳ ದಾಟಿದರು. ಹೀಗೆ ಸಾವಿಗೆ ನಮ್ಮವರು ಮಾಡುವ ಮರ್ಯಾದೆಯೂ ಅವರು ಕಲಿತ ಮರ್ಯಾದೆಯೂ ಒಂದೇ ಕಡೆ ಬಂದು ನಿಂತವು. ಗುಂಡಾಚಾರ್ಯರು ಎದುರಿಗೆ ಹೋಗಿ ಅವರನ್ನು ಶಿಕ್ಷಕರ ಕೋಣೆಗೆ ಕರೆದುಕೊಂಡು ಬಂದರು. ನನ್ನ ತರಗತಿ ಆ ಕೋಣೆಗೆ ಎದುರೇ ಇತ್ತು. ನಾನು ಬಾಗಿಲಿಗೆ ಬಂದೆ.

"ಯಾರು? ಯಾವಾಗ?" ಎಂದು ಸಾಹೇಬರು ತಗ್ಗಿದ ದನಿಯಲ್ಲಿ ಕೇಳಿದರು.

"ಯಾರೂ ತೀರಿಕೊಂಡಿಲ್ರೀ," ಎಂದರು ಆಚಾರ್ಯರು. "ಬರಿದಲಿಲೆ ಕಲಸ್ರಿ ಅಂತ ತಾವು ಅಪ್ಪಣಿ ಕೊಟ್ಟಿದ್ರಿ. ಎಲ್ಲಾರೂ ಹಾಂಗ ಮಾಡ್ಲಿಕ್ಕತ್ತೇವಿ."

ಸಾಹೇಬರು ಗೋಡೆಯ ಕಡೆ ನೋಡಿದರು. ಕೆಂಪು ರುಮಾಲು, ಬಿಳಿಯ ರುಮಾಲು, ಗೊಂಡೆಯ ಟೊಪ್ಪಿಗೆ, ಖಾದಿ ಟೊಪ್ಪಿಗೆ, ಕರಿಯ ಟೊಪ್ಪಿಗೆ. ಕೈಯಲ್ಲಿದ್ದ ಹ್ಯಾಟನ್ನು ಅವರು ಅರ್ಧ ಮೇಲಕ್ಕೆ ಎತ್ತಿದರು, ತಲೆಗೆ ಇಟ್ಟುಕೊಳ್ಳುವವರಂತೆ. ಎದುರಿಗೆ ಅವರ ತಂದೆಯ ವಯಸ್ಸಿನ ಒಬ್ಬ ವೃದ್ಧರು ಬರಿದಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಹ್ಯಾಟು ನಡುದಾರಿಯಲ್ಲೇ ನಿಂತಿತು.  ನಿಂಗಪ್ಪನ ಅನ್ನ ಆ ಹ್ಯಾಟು ಮೇಲೇರುವುದೋ ಇಳಿಯುವುದೋ ಎಂಬುದರ ಮೇಲೆ ನಿಂತಿದೆ ಎಂದು ನನಗೆ ಅನ್ನಿಸಿತು.

ಆಚಾರ್ಯರು ಕೈ ಚಾಚಿದರು. "ಕೊಡ್ರಿ ಇಲ್ಲೆ. ಒಂದು ಗೂಟ ಖಾಲಿ ಅದ."

ಸಾಹೇಬರು ಕೊಟ್ಟರು. ಆರನೆಯ ಗೂಟ ಮೊದಲ ಬಾರಿಗೆ ತುಂಬಿತು. ಆ ಬೆಳಿಗ್ಗೆ ಅವರು ಎಲ್ಲ ತರಗತಿಗಳನ್ನೂ ಬರಿದಲೆಯಲ್ಲೇ ನೋಡಿದರು. ಹಣೆಯ ಮೇಲೆ ಹ್ಯಾಟಿನ ಗುರುತು ಕೆಂಪಗೆ ಕಾಣುತ್ತಿತ್ತು. ನಿಂಗಪ್ಪನ ತರಗತಿಯಲ್ಲಿ ಕೊನೆಗೆ ಅವರು ಹೇಳಿದ ಮಾತು ತಟ್ಟಿಯ ಆಚೆಯಿಂದ ನನಗೆ ಕೇಳಿಸಿತು: "ಅಕ್ಷರ ಚೆನ್ನಾಗಿ ತಿದ್ದಿಸಿದ್ದೀರಿ." ಶನಿವಾರ 'ನೀನು' ಆಗಿದ್ದವನು ಸೋಮವಾರ 'ನೀವು' ಆಗಿದ್ದ. ಅವರ ಮನಸ್ಸು ಬದಲಾಯಿತೋ, ಗೇಟಿನ ಹೊರಗಿನ ಗುಂಪಿಗೆ ಅಂಜಿದರೋ ನಾನು ಅರಿಯೆ. ನಿಂಗಪ್ಪನ ಕೆಲಸ ಹೋಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಸಾಹೇಬರೇ ಖಾದಿ ಟೊಪ್ಪಿಗೆ ಹಾಕುತ್ತಾರೆಂದು ಕೆಲವರು ಹೇಳುತ್ತಾರೆ. ನಾನು ಕಂಡಿಲ್ಲ, ಆದ್ದರಿಂದ ಹೇಳಲಾರೆ.

ಅಂದಿನಿಂದ ನಮ್ಮ ಶಾಲೆಯಲ್ಲಿ ತಲೆಯ ಮೇಲಿನದನ್ನು ಗೂಟಕ್ಕೆ ಹಾಕಿಯೇ ತರಗತಿಗೆ ಹೋಗುವುದು ಪದ್ಧತಿಯಾಯಿತು. ಆಮೇಲೆ ಬಂದ ಶಿಕ್ಷಕರು ಕಾರಣ ಕೇಳಿದರೆ ಚನ್ನಬಸಪ್ಪ ಮಾಸ್ತರರು, "ತಲಿಗೆ ಗಾಳಿ ಹತ್ತಲಿ ಅಂತ್ರಿ" ಎನ್ನುತ್ತಿದ್ದರು. ಇದರಿಂದ ನಾವೆಲ್ಲ ಒಂದೇ ತಾಟಿನಲ್ಲಿ ಉಂಡೆವೆಂದು ಯಾರೂ ತಿಳಿಯಬಾರದು. ಆಚಾರ್ಯರು ಕೊನೆಯತನಕ ಶಾಲೆಯಲ್ಲಿ ನೀರು ಕುಡಿಯಲಿಲ್ಲ; ಹುಸೇನ ಮಾಸ್ತರರು ಕುಡಿಯಿರಿ ಎನ್ನಲೂ ಇಲ್ಲ. ಆದರೆ ಆಚಾರ್ಯರು ಜ್ವರದಿಂದ ಮಲಗಿದಾಗ ಅವರ ಕಟ್ಟೆಯ ಮೇಲೆ ದಿನಾ ಕೂತು ಬರುತ್ತಿದ್ದವರು ಹುಸೇನ ಮಾಸ್ತರರೇ. ಹುಸೇನ ಮಾಸ್ತರರ ಮಗಳ ಮದುವೆಯ ದಿನ ಮನೆಯ ಬಾಗಿಲಲ್ಲಿ ನಿಂತು ಬಂದವರನ್ನು "ಬರ್ರಿ, ಬರ್ರಿ" ಎಂದು ಕರೆದವರು ಆಚಾರ್ಯರೇ. ಚನ್ನಬಸಪ್ಪನವರ ಕೋಟು ಆಮೇಲೆಯೂ ಗೂಟದಿಂದ ಜಾರುತ್ತಿತ್ತು, ಅದರ ಕುಣಿಕೆಯೇ ಸಡಿಲ. ಆದರೆ ಅದು ಎಂದೂ ನೆಲದ ಮೇಲೆ ಉಳಿಯಲಿಲ್ಲ. ಕೂಡಿ ಬಾಳುವುದೆಂದರೆ ಒಂದಾಗುವುದು ಎಂದು ದೊಡ್ಡವರು ಹೇಳುತ್ತಾರೆ. ನಾನು ಕಂಡಷ್ಟು ಮಟ್ಟಿಗೆ ಹೇಳುವುದಾದರೆ, ಗೂಟಗಳು ಬೇರೆ ಬೇರೆಯಾಗಿಯೇ ಇದ್ದವು. ಗೋಡೆ ಒಂದೇ ಎಂಬುದನ್ನು ನಾವು ಆಮೇಲೆ ಮರೆಯಲಿಲ್ಲ. ನಾನು ಆ ಶಾಲೆಯ ಮಾಸ್ತರ ಎಂದು ಹೇಳಿಕೊಳ್ಳುವಾಗ ಇಂದಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಕಳೆದ ವಾರ ಆ ಕೋಣೆಗೆ ಹೋಗಿದ್ದೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದಾರೆ. ಗೂಟಗಳು ಹಾಗೆಯೇ ಇವೆ. ಮೊದಲನೆಯದರ ತುದಿಯನ್ನು ಬೆರಳಿನಿಂದ ಮುಟ್ಟಿದೆ. ಹಿಂದೆ ಅದರ ನುಣುಪನ್ನು ಕಂಡು, ಇಷ್ಟು ವರ್ಷ ಇಷ್ಟು ಜನ ಬಂದು ಹೋದರು ಎಂದುಕೊಳ್ಳುತ್ತಿದ್ದೆ. ಈಗ ಅದನ್ನು ಮುಟ್ಟಿದರೆ ಅಂಚಿಗೆ ಅಂಚು ಕೂಡಿಸುತ್ತ ಒಬ್ಬರ ಕಡೆಗೊಬ್ಬರು ನಡೆದು ಬರುವ ಇಬ್ಬರು ಕಾಣುತ್ತಾರೆ.

ಗುಂಡಾಚಾರ್ಯರು ಇಲ್ಲ. ಚನ್ನಬಸಪ್ಪ ಮಾಸ್ತರರೂ ಇಲ್ಲ. ನನ್ನ ಮಾತಿನಲ್ಲಿ ಹೆಚ್ಚುಕಡಿಮೆ ಇದೆ ಎನ್ನಿಸಿದವರು ಇವರನ್ನು ಕೇಳಬಹುದು: ಗರಗದಲ್ಲಿ ನಿಂಗಪ್ಪ ಮಾಸ್ತರರು ಇದ್ದಾರೆ, ತಂದೆಯ ಮಗ್ಗದ ಮುಂದೆ ಕೂರುತ್ತಾರೆ. ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿ ಹುಸೇನ ಮಾಸ್ತರರು ಇದ್ದಾರೆ. ಕಿವಿ ಮಂದ, ಜೋರಾಗಿ ಕೇಳಬೇಕು. ಗೇಟಿನ ಹೊರಗೆ ಸಾವಂತ್ರವ್ವ ಇದ್ದಾಳೆ. ಅವಳು ಅಂಗಳವನ್ನಷ್ಟೇ ಕಂಡವಳು, ಕೋಣೆಯನ್ನು ಕಂಡವಳಲ್ಲ, ಆದರೂ ನಾನು ಹಾದುಹೋದಾಗಲೆಲ್ಲ ಒಂದು ಪೇರಲಹಣ್ಣು ಕೈಗಿಟ್ಟು, "ಖರೇ ಹೇಳ್ರಿ ಮಾಸ್ತರ, ಆವತ್ತ ಹೋದಾಂವ ಯಾರು?" ಎಂದು ಕೇಳುತ್ತಾಳೆ. ಯಾರೂ ಹೋಗಲಿಲ್ಲ ಸಾವಂತ್ರವ್ವಾ, ಎಲ್ಲರೂ ಬಂದರು ಎನ್ನುತ್ತೇನೆ. ಅವಳು ನಂಬುವುದಿಲ್ಲ.